ಕುರ್ಡಿಯ ಹನುಮಂತ್ರಾಯನೂ ನೀರು ಕೊಡುವ ಕೋಲೂ

ಕುರ್ಡಿ ಸೀಮೆಯಲ್ಲಿ ಹನುಮಂತ್ರಾಯನಷ್ಟು ಉದ್ದನೆಯ ಮನುಷ್ಯ ಮತ್ತೊಬ್ಬನಿಲ್ಲ. ಹುಟ್ಟಿದಾಗಿನಿಂದ ಹೀಗಿರಲಿಲ್ಲವಂತೆ. ಪಂಪಾಪತಿ ಸಾಹುಕಾರರ ಪ್ಲಾಸ್ಟಿಕ್ ಹೊದಿಕೆಯ ಪಾಲಿಹೌಸಿನಲ್ಲಿ ಸೌತೆಬಳ್ಳಿಗಳನ್ನು ದಾರಕ್ಕೆ ಸುತ್ತಿ ಮೇಲಿನ ತಂತಿಗೆ ಏರಿಸುವ ಕೆಲಸಕ್ಕೆ ಸೇರಿದ ಮೇಲೆ ಬಳ್ಳಿಯ ಜೊತೆ ತಾನೂ ಬೆಳೆದ. ಎರಡು ವರ್ಷದಲ್ಲಿ ಅವನು ಕಟ್ಟಿದ ದಾರವನ್ನೆಲ್ಲ ಬಿಚ್ಚಿ ಜೋಡಿಸಿದರೆ ಅದು ಮಾನ್ವಿ ಬಸ್ ನಿಲ್ದಾಣದಿಂದ ಹೊರಟು, ದೇವದುರ್ಗದಲ್ಲಿ ಚಹಾ ಕುಡಿದು, ಮರಳಿ ಮಾನ್ವಿಗೆ ಬಂದು, ಉಳಿದ ತುದಿಯಲ್ಲಿ ಒಂದು ಎಮ್ಮೆಯನ್ನೂ ಕಟ್ಟಿಕೊಂಡೀತು. ಸುಳ್ಳೆಂದವರು ಅಳೆದು ನೋಡಲಿ.

ಕುರಿ ಕಾಯುವ ಮನೆತನದವನು. ಕುರಿಗಾದರೆ ಕಾಲಿವೆ, ನೀರಿದ್ದಲ್ಲಿಗೆ ತಾನೇ ನಡೆಯುತ್ತದೆ, ಗಿಡಕ್ಕೆ ಕಾಲಿಲ್ಲ. ಅದಕ್ಕೇ ಅವನಿಗೆ ಗಿಡದ ಮೇಲೆ ಮರುಕ ಹೆಚ್ಚು. ಎರಡು ಸಾವಿರದ ನಾಲ್ಕು ನೂರು ಬಳ್ಳಿಗಳಲ್ಲಿ ಯಾವುದಕ್ಕೆ ನಿನ್ನೆ ಮೈ ಸರಿಯಿರಲಿಲ್ಲ ಎಂಬುದನ್ನು ಹೆಂಡತಿ ಆದೆಮ್ಮನಿಗೆ ಊಟಕ್ಕೆ ಕೂತಾಗ ಹೇಳುತ್ತಿದ್ದ. ಪಾಲಿಹೌಸಿಗೆ ಅಂಟಿಕೊಂಡ ತಗಡಿನ ಕೋಣೆಯಲ್ಲೇ ಇಬ್ಬರ ಸಂಸಾರ.

ಈ ವರ್ಷ ಬೇಸಿಗೆ ಕಾಲಿಡುವ ಹೊತ್ತಿಗೆ ರಾಯಚೂರಿನಿಂದ ಅಂಬರೀಶ ಎಂಬ ಎಂಜಿನಿಯರ್ ಬಂದು, ಕೊನೆಯ ಸಾಲಿನ ಮಣ್ಣಲ್ಲಿ ಒಂದು ಬಿಳಿ ಕೋಲು ನೆಟ್ಟ. ಮೊಣಕಾಲೆತ್ತರ, ತಲೆಯ ಮೇಲೆ ಗುಂಡನೆಯ ಡಬ್ಬಿ, ಡಬ್ಬಿಯಲ್ಲಿ ಮಿಣುಕುವ ಹಸಿರು ದೀಪ. ಮಣ್ಣು ಎಷ್ಟು ಹಸಿಯಿದೆ ಎಂದು ಅದು ತಂತಿಯಿಲ್ಲದೆಯೇ ಸಾಹುಕಾರರ ಫೋನಿಗೆ ಹೇಳುತ್ತದೆ. ಮಣ್ಣು ಒಣಗಿದರೆ ವಾಲ್ವ್ ತಾನಾಗಿ ತೆರೆದು ಹನಿ ನೀರು ಹರಿಯುತ್ತದೆ. ಕೈಯಲ್ಲಿ ತಿರುವುವ ಹಳೆಯ ವಾಲ್ವನ್ನೂ ಹೊಸದರ ಜೊತೆಗೇ ಕಬ್ಬಿಣದ ಪೆಟ್ಟಿಗೆಯೊಳಗೆ ಹಾಕಿ ಬೀಗ ಜಡಿದರು. ಕೀಲಿ ರಾಯಚೂರಿನಲ್ಲಿರುವ ಸಾಹುಕಾರರ ರೈಸ್ ಮಿಲ್ಲಿಗೆ ಹೋಯಿತು.

"ಇಷ್ಟು ಜಾಗಕ್ಕ ನಾಕು ಕೋಲು ಬೇಕಾಗ್ತಾವರಿ" ಎಂದ ಅಂಬರೀಶ.

"ಮನಿಗೊಬ್ಬ ಯಜಮಾನ ಸಾಕು" ಎಂದರು ಸಾಹುಕಾರರು.

ಅಂಬರೀಶ ಕೋಲಿನ ಸುತ್ತ ಕೆಂಪು ಹಗ್ಗ ಕಟ್ಟಿ, "ಇದನ್ನ ದಾಟಬ್ಯಾಡ್ರಿ. ಕೈ ತಾಗಿದ್ರ ಲೆಕ್ಕ ಕೆಡ್ತದ" ಎಂದು ಹೇಳಿ ಹೋದ. ಹನುಮಂತ್ರಾಯ ಆ ಮಾತನ್ನು ಎಷ್ಟು ಪಾಲಿಸಿದನೆಂದರೆ ಆ ಕಡೆಗೆ ಮುಖ ಮಾಡಿ ಸೀನುವುದನ್ನೂ ಬಿಟ್ಟ. ಸಂಜೆ ಹೆಂಡತಿಗೆ ದೂರದಿಂದಲೇ ಕೋಲು ತೋರಿಸಿ ಮುಖ ಊದಿಸಿಕೊಂಡು ಹೇಳಿದ: "ನೋಡಬೇ, ಇನ್ಮ್ಯಾಲೆ ನಂದೇನೂ ನಡಿಯಂಗಿಲ್ಲ. ನೀರು ಕೊಡಾವ ಇವನ."

ಆದೆಮ್ಮ ಕೋಲನ್ನು ಮೇಲಿಂದ ಕೆಳಗೆ ನೋಡಿ, ತಲೆಯ ಮೇಲೆ ಸೆರಗು ಎಳೆದುಕೊಂಡಳು.

ಒಂದು ತಿಂಗಳು ನೀರು ಹೇಗೋ ಬಂತು, ದಿನದಿಂದ ದಿನಕ್ಕೆ ಕಡಿಮೆಯಾಗುತ್ತಾ. ಏಪ್ರಿಲ್ ನಡುವಿಗೆ ನಿಂತೇ ಹೋಯಿತು. ಆಗಿನ ಬಿಸಿಲಿನ ಬಗ್ಗೆ ಹೇಳಿದರೆ ನೀವು ನಂಬುವುದಿಲ್ಲ: ಕಾಗೆಗಳು ತಮ್ಮ ನೆರಳಿನೊಳಗೆ ತಾವೇ ನುಗ್ಗಲು ನೋಡುತ್ತಿದ್ದವು. ಮಧ್ಯಾಹ್ನ ತಲೆ ಬಗ್ಗಿಸಿದ ಬಳ್ಳಿಗಳು ಸಂಜೆಗೂ ಎತ್ತಲಿಲ್ಲ. ಹನುಮಂತ್ರಾಯ ಫೋನು ಮಾಡಿದ.

"ಯಜಮಾನ್ರ, ಗಿಡ ಬಾಡ್ಯಾವರಿ. ನೀರು ಬಿಡ್ರಿ."

"ತಡಿ, ನೋಡ್ತೀನಿ." ಮಿಲ್ಲಿನ ಸದ್ದು ಮಾತ್ರ ಕೇಳಿಸಿತು. "ಎಂಬತ್ತೆಂಟು ಪರ್ಸೆಂಟ್ ಹಸಿ ಅದ ಲೇ! ಇನ್ನೂ ಬಿಟ್ರ ಬೇರು ಕೊಳೀತಾವ."

"ನಾ ಇಲ್ಲೇ ನಿಂತೀನ್ರಿ. ಮಣ್ಣು ಹಿಡದ್ರ ಧೂಳು ಹಾರಾಕತ್ತದ."

"ನೀ ನಿಂತಿದ್ದು ಒಂದ ಜಾಗ. ನಾ ಫೋನಿನ್ಯಾಗ ಪೂರಾ ನೋಡಾಕತ್ತೀನಿ."

ಅವನು ಫೋಟೊ ತೆಗೆದು ಕಳಿಸಿದ. ಬಾಡಿದ ಸಾಲುಗಳ ಹಿಂದೆ, ಕೆಂಪು ಹಗ್ಗದ ಒಳಗಿನ ಹತ್ತು ಬಳ್ಳಿಗಳು ಮಾತ್ರ ಮದುಮಕ್ಕಳಂತೆ ಕಳಕಳಿಸುತ್ತಿದ್ದವು. ಸಾಹುಕಾರರು ಅವನ್ನೇ ಎರಡು ಬೆರಳಿನಿಂದ ದೊಡ್ಡದು ಮಾಡಿಕೊಂಡು, "ಇವು ಹೆಂಗ ಹಸರಾಗ್ಯಾವ ಮತ್ತ? ಮೈಗಳ್ಳ!" ಎಂದರು. ಹನುಮಂತ್ರಾಯನಿಗೂ ಅದು ವಿಚಿತ್ರವೆನಿಸಿತ್ತು. ಆದರೆ ಅಧಿಕಾರದಲ್ಲಿರುವವರು ಯಾವಾಗಲೂ ಪಕ್ಕದಲ್ಲಿದ್ದವರನ್ನಷ್ಟೇ ಚೆನ್ನಾಗಿ ನೋಡಿಕೊಳ್ಳುತ್ತಾರೆ, ಕೋಲೂ ಹಾಗೇ ಇರಬೇಕು ಎಂದುಕೊಂಡ. ಹಗ್ಗ ದಾಟಿ ನೋಡಲಿಲ್ಲ.

ಗಂಡಹೆಂಡತಿ ಹೊಂಡದಿಂದ ಕೊಡ ಹೊತ್ತರು. ಕೊನೆಯ ಬಳ್ಳಿಗೆ ನೀರು ಮುಟ್ಟುವಷ್ಟರಲ್ಲಿ ಮೊದಲನೆಯದರ ಮೂರು ತಲೆಮಾರು ಬಾಯಾರಿರುತ್ತಿತ್ತು. ದಿನಾ ಫೋನು ಮಾಡಿದ, ದಿನಾ ಬೈಸಿಕೊಂಡ. ಒಂಬತ್ತನೆಯ ದಿನ ಪೆಟ್ಟಿಗೆಯ ಮುಂದೆ ಕೂತು ಬೀಗವನ್ನು ಅಂಗೈಯಲ್ಲಿ ಹಿಡಿದುಕೊಂಡ. ಕಾದ ಬೀಗ ಕೈ ಸುಟ್ಟಿತು. ಬಿಟ್ಟ.

ಹನ್ನೊಂದನೆಯ ದಿನ ಹೊತ್ತು ಹುಟ್ಟುವಾಗ, ಎಂದಿನಂತೆ ಹೊಂಡದ ಕಡೆಗೆ ಹೋಗದೆ ನೇರವಾಗಿ ಒಳಗೆ ಬಂದ. ಕೆಂಪು ಹಗ್ಗದೊಳಗೆ ಆದೆಮ್ಮ ನಿಂತಿದ್ದಳು. ತಲೆಗೂದಲು ಒದ್ದೆ. ಕೋಲಿನ ನೆತ್ತಿಯ ಮೇಲೆ ಚಿಟಿಕೆ ಭಂಡಾರದ ಅರಿಸಿನ. ತುಂಬಿದ ಕೊಡವನ್ನು ಬಗ್ಗಿಸಿ ಕೋಲಿನ ಬುಡಕ್ಕೆ ಸಣ್ಣಗೆ ಹೊಯ್ಯುತ್ತಿದ್ದಳು.

"ಏನು ಮಾಡಾಕತ್ತೀಯಬೇ?"

"ಕಾಣಂಗಿಲ್ಲೇನು? ನೀರು ಕೊಡಾವಗ ಮೊದಲನೇ ನೀರು. ನಮ್ಮ ತವರಾಗ ಬಾವಿಗೂ ಹಂಗ, ಮೊದಲನೇ ತಂಬಿಗಿ ಬಾವಿ ಕಟ್ಟಿಗೇ ಹಾಕ್ತಿದ್ವಿ. ಇವಗೂ ಮೊದಲು ತಂಬಿಗಿ ಹಾಕ್ತಿದ್ದೆ. ಗಿಡ ಬಾಡಿದ್ದು ನೋಡಿ, ಸಿಟ್ಟಾಗ್ಯಾನ ಅಂತ ಕೊಡ ಮಾಡಿದೆ. ನಿನ್ನಿಯಿಂದ ಎರಡು ಕೊಡ."

ಹನುಮಂತ್ರಾಯ ನಿಂತಲ್ಲೇ ಕುಸಿದು ಕೂತ. ಅಷ್ಟು ಉದ್ದದ ಮನುಷ್ಯ ಕೂರಲು ಹೊತ್ತು ಹಿಡಿಯುತ್ತದೆ. ಆ ಹೊತ್ತಿನಲ್ಲಿ ಎಲ್ಲವೂ ಅರ್ಥವಾಯಿತು. ಗಿಡ ಬಾಡಿದಷ್ಟೂ ಇವಳ ಭಕ್ತಿ ಹೆಚ್ಚಿತು. ಭಕ್ತಿ ಹೆಚ್ಚಿದಷ್ಟೂ ಕೋಲಿನ ಬುಡ ಒದ್ದೆಯಾಯಿತು. ಬುಡ ಒದ್ದೆಯಾದಷ್ಟೂ ರಾಯಚೂರಿನಲ್ಲಿ ಸಾಹುಕಾರರಿಗೆ ನೆಮ್ಮದಿ.

"ಅದು ದೇವರಂತ ನಿನಗ ಯಾರು ಹೇಳಿದ್ರು?"

"ನೀನ. ನೀರು ಕೊಡಾವ ಇವನ ಅಂದಿದ್ದಿಲ್ಲೇನು?"

"ಸಿಟ್ಟಿಲೆ ಅಂದಿದ್ದೆ ಬೇ…" ಎಂದು ಶುರುಮಾಡಿ, ಕೋಲು ಮಣ್ಣಿನ ಹಸಿ ನೋಡುವುದು, ಫೋನಿಗೆ ಹೇಳುವುದು, ಬುಡ ಹಸಿಯಿದ್ದರೆ ನೀರು ಬಿಡದಿರುವುದು ಎಲ್ಲವನ್ನೂ ಹೇಳಿದ. ಆದೆಮ್ಮ ಕೊಡ ಕೆಳಗಿಟ್ಟಳು. ಒಣಗಿದ ಸಾಲುಗಳನ್ನು ಒಂದೊಂದಾಗಿ ನೋಡುತ್ತಾ ಬಂದಳು.

"ಹಂಗಾದ್ರ ನಾನ ಕೊಂದ್ನೇನು?"

ಹನುಮಂತ್ರಾಯ ಎದ್ದು ಹಗ್ಗ ದಾಟಿದ. ಕೋಲನ್ನು ಕಿತ್ತು ಟವೆಲ್ಲಿನಿಂದ ಒರೆಸಿ, ಮೇಲೆತ್ತಿ ಬಿಸಿಲಿಗೆ ಹಿಡಿದ. ಕಾಲು ಗಂಟೆಗೆ ಪೆಟ್ಟಿಗೆಯೊಳಗೆ ಟಕ್ಕೆಂದಿತು. ಪೈಪುಗಳು ಬುಸುಗುಟ್ಟಿದವು. ಬಳ್ಳಿ ಬಳ್ಳಿಯ ಬುಡಕ್ಕೂ ನೀರು ತೊಟ್ಟಿಕ್ಕಿತು, ಸತ್ತದ್ದಕ್ಕೂ ಬದುಕಿದ್ದಕ್ಕೂ ಒಂದೇ ಅಳತೆ.

ಫೋನು ಬಂತು. ಒಂದು ಕೈಯಲ್ಲಿ ಕೋಲು, ಒಂದು ಕೈಯಲ್ಲಿ ಸಾಹುಕಾರರು.

"ನೋಡಿದ್ಯಾ! ಆರು ಪರ್ಸೆಂಟಿಗೆ ಇಳೀತು, ತಾನ ನೀರು ಬಿಡ್ತು. ಮಷೀನ್ ಅಂದ್ರ ಹಿಂಗಿರಬೇಕು. ಗಿಡ ಹೆಂಗದಾವ?"

"ಐದುನೂರು ಉಳದಾವು ಅನ್ಸತದರಿ. ಬಾಕಿ ಎಲ್ಲಾ ಹೋದ್ವು."

"ಮಷೀನ್ ಸರಿ ಇದ್ದಾಗ ಗಿಡ ಯಾಕ ಸಾಯ್ತಾವ?"

ಆದೆಮ್ಮ ಅವನ ಬಾಯಿಯನ್ನೇ ನೋಡುತ್ತಿದ್ದಳು. ಹತ್ತು ದಿನ ಅವನು ಹೇಳಿದ್ದೆಲ್ಲ ನಿಜವಾಗಿತ್ತು. ಈಗ ಅದಕ್ಕೆ ಕಾರಣವೂ ಸಿಕ್ಕಿತ್ತು.

"ಬಳ್ಳಿ ಜಗ್ಗಿ ಕಟ್ಟಿದ್ನರಿ. ಬೇರು ಸಡ್ಲಾಗ್ಯಾವು. ತಪ್ಪು ನಂದರಿ."

"ಹಂಗನ್ನು! ಕೀಲಿ ನಿನ್ನ ಕೈಯಾಗ ಇದ್ದಿದ್ರ ಆ ಐದುನೂರೂ ಉಳೀತಿದ್ದಿಲ್ಲ."

"ಹೌದರಿ."

ಫೋನು ಸುಮ್ಮನಾಯಿತು. ಅವನ ಎತ್ತಿದ ತೋಳು ಸೋತು ಇಳಿಯತೊಡಗಿತ್ತು.

"ಇಳಸು ಅದನ್ನ" ಎಂದಳು ಆದೆಮ್ಮ. "ಕೈ ಬೀಳ್ತದ."

"ಕೆಳಗೆಲ್ಲಾ ಹಸಿ ಆಗ್ಯದ. ಇಳಿಸಿದ್ರ ನೀರು ನಿಲ್ತದ."

"ಸತ್ತಾವಕ್ಕ ಎಷ್ಟು ಕುಡಸ್ತಿ?"

"ಐದುನೂರು ಅದಾವಲ್ಲಬೇ."

ಆದೆಮ್ಮ ಒದ್ದೆ ಮಣ್ಣಿನಲ್ಲಿ ಕಾಲೂರಿ ಹತ್ತಿರ ಬಂದು, ಅವನ ಮೊಣಕೈಗೆ ಕೆಳಗಿನಿಂದ ತನ್ನೆರಡೂ ಕೈ ಕೊಟ್ಟು ನಿಂತಳು.