ಮಾಸಿಯ ವಾಸನೆ ಪುಸ್ತಕ

ಮಾಸಿಯ ಹಿಮ್ಮಡಿಯ ಬಿರುಕುಗಳಲ್ಲಿ ನೀಲಿ ಬಣ್ಣವಿತ್ತು. ಕೊಳೆಯಲ್ಲ, ಗಾಯದ ಕಲೆಯೂ ಅಲ್ಲ. ಬಿಳಿ ಬಟ್ಟೆಗೆ ಹಾಕುವ ನೀಲಿಯಂಥ ಅಚ್ಚ ನೀಲಿ. ಬಚ್ಚಲ ಕಲ್ಲಿಗೆ ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ. ಬಣ್ಣದ ಕಾರ್ಖಾನೆಯ ಕೆಲಸ ಬಿಟ್ಟು ಎಷ್ಟೋ ವರ್ಷಗಳಾಗಿದ್ದರೂ ಆ ನೀಲಿ ಅವರ ಜೊತೆಗೇ ಉಳಿದಿತ್ತು. ಯಾರಾದರೂ ದಿಟ್ಟಿಸಿ ನೋಡಿದರೆ ಅವರೇ ಸೀರೆ ಒಂದಿಷ್ಟು ಎತ್ತಿ ತೋರಿಸುತ್ತಿದ್ದರು. “ಬೇರೆಯವರಿಗೆ ಗಂಡ ಕಾಲಿಗೆ ಗೆಜ್ಜೆ ಕೊಡಿಸ್ತಾನೆ. ನನಗೆ ಕಾರ್ಖಾನೆಯ ಸೇಠ್ ಇದನ್ನು ಕೊಟ್ಟ.”

ಮಕ್ಕಳೇ, ಆಗ ನಿಮ್ಮಮ್ಮ ಆರನೇ ತರಗತಿಯಲ್ಲಿದ್ದಳು. ನಿಮ್ಮಜ್ಜನಿಗೆ ವಿಮಾ ಕಚೇರಿಯಿಂದ ವಡೋದರಾಕ್ಕೆ ವರ್ಗವಾಗಿ, ನಾವು ಗೋರ್ವಾದ ಒಂದು ಸೊಸೈಟಿಯಲ್ಲಿ, ಅಂದರೆ ಮನೆಗಳ ವಠಾರದಲ್ಲಿ, ಬಾಡಿಗೆಗೆ ಇದ್ದೆವು. ನಾನು ಹಾವೇರಿ ಕಡೆಯ ಹಳ್ಳಿಯ ಶಾಲೆಯಲ್ಲಿ ಏಳನೇ ಇಯತ್ತೆಯವರೆಗೆ ಕಲಿತವಳು. ಹಿಂದಿ ಅರ್ಧಂಬರ್ಧ, ಗುಜರಾತಿ ಸೊನ್ನೆ. ತರಕಾರಿ ಗಾಡಿಯವನ ಹತ್ತಿರವೂ ಬೆರಳು ತೋರಿಸಿಯೇ ಕೊಳ್ಳುತ್ತಿದ್ದೆ. ಮೊದಲ ಆರು ತಿಂಗಳು ನನ್ನ ಧ್ವನಿ ಕೇಳಿದವರು ನಿಮ್ಮಜ್ಜ, ನಿಮ್ಮಮ್ಮ ಇಬ್ಬರೇ.

ಮಾಸಿಯದು ಎದುರು ಮನೆ. ಮಾಸಿ ಎಂದರೆ ಅಲ್ಲಿ ಚಿಕ್ಕಮ್ಮ. ಇಡೀ ಸೊಸೈಟಿಗೆ ಅವರು ಮಾಸಿ. ಗಂಡ ತೀರಿಹೋಗಿದ್ದರು, ಮನೆಯಲ್ಲಿ ಹಪ್ಪಳ ಲಟ್ಟಿಸಿ ಮಾರುತ್ತಿದ್ದರು. ನಾವು ಹೋದ ವಾರದಿಂದಲೇ ಅವರು ದಿನಾ ಒಂದು ಬಟ್ಟಲು ಹಿಡಿದು ನಮ್ಮ ಬಾಗಿಲಿಗೆ ಬರತೊಡಗಿದರು. “ದೀಕರಿ, ಮೂಸಿ ನೋಡು. ಎಣ್ಣೆ ಕಮಟಾಗಿದೆಯಾ?” ದೀಕರಿ ಎಂದರೆ ಮಗಳು. ಮರುದಿನ, “ಇಂಗು ಜಾಸ್ತಿ ಬಿತ್ತಾ?” ಅದರ ಮರುದಿನ, “ಹಿಟ್ಟು ಹುಳಿ ಬಂದಿದೆಯಾ?” ಬಾಯಿಬಿಡದ ನನ್ನನ್ನು ಮಾತಾಡಿಸಲು ಇದೊಂದು ನೆವ ಎಂದು ನಾನು ಭಾವಿಸಿದ್ದೆ. ಮೂಸಿ, ತಲೆಯಾಡಿಸಿ ಕಳಿಸುತ್ತಿದ್ದೆ.

ಒಂದು ದಿನ ಮಧ್ಯಾಹ್ನ ನನ್ನ ಹೊಸ್ತಿಲವರೆಗೆ ಹಾಲು ಸೀದ ವಾಸನೆ ಬಂತು. ಓಡಿಹೋಗಿ ನೋಡಿದರೆ ಮಾಸಿ ಒಲೆಗೆ ಬೆನ್ನು ಹಾಕಿ, ಎರಡು ಮಾರು ದೂರದಲ್ಲಿ, ಏನೂ ಆಗದವರಂತೆ ಹಪ್ಪಳ ಲಟ್ಟಿಸುತ್ತಿದ್ದಾರೆ. ಗ್ಯಾಸ್ ಆರಿಸಿ, “ಮಾಸಿ, ದೂಧ್” ಎಂದೆ. ಅವರು ತಿರುಗಿ ಸೀದು ಕಪ್ಪಾದ ಪಾತ್ರೆ ನೋಡಿದರು. ಆಮೇಲೆ ನನ್ನನ್ನು ನೋಡಿದರು.

“ಹನ್ನೊಂದು ವರ್ಷ ಬಣ್ಣದ ಪುಡಿ ಚೀಲಕ್ಕೆ ತುಂಬಿದೆ, ದೀಕರಿ. ಮೊದಲು ತಲೆನೋವು ಬರ್ತಿತ್ತು. ಆಮೇಲೆ ಅದೂ ನಿಂತಿತು. ಒಗ್ಗಿಹೋಯ್ತು ಅಂದುಕೊಂಡೆ. ಒಂದು ದಿನ ದೇವರ ಮುಂದೆ ಅಗರಬತ್ತಿ ಹಚ್ಚಿದರೆ ಬರೀ ಹೊಗೆ.”

ಅವರಿಗೆ ಯಾವ ವಾಸನೆಯೂ ಗೊತ್ತಾಗುತ್ತಿರಲಿಲ್ಲ. ಮರುದಿನದಿಂದ ಬಟ್ಟಲು ಬಂದಾಗ ನಾನು ಎರಡು ಸಲ ಮೂಸಿ ನೋಡಿ ಬಾಯಿಬಿಟ್ಟು ಉತ್ತರ ಹೇಳತೊಡಗಿದೆ. ನನ್ನ ಹಿಂದಿ ಶುರುವಾದದ್ದು ಹೀಗೆ, ಇಂಗಿನಿಂದ.

ಈ ಮಾಸಿಯೇ ಸೊಸೈಟಿಯಲ್ಲಿ ನೀರು, ಗಾಳಿಯ ದೂರು ನೋಡುವ ಒಂದು ಮಂಡಳಿಯನ್ನು ನಡೆಸುತ್ತಿದ್ದರು. ಹತ್ತಾರು ಹೆಂಗಸರು, ಕೆಲಸದಿಂದ ನಿವೃತ್ತರಾದ ಒಬ್ಬಿಬ್ಬರು ಗಂಡಸರು, ಪ್ರತಿ ಗುರುವಾರ ಸಂಜೆ ಸೊಸೈಟಿಯ ಎಲ್ಲರಿಗೂ ಸೇರಿದ ಖಾಲಿ ಜಾಗದ ಬೇವಿನ ಮರದ ಕೆಳಗೆ ಸೇರುತ್ತಿದ್ದರು. ಕೈಪಂಪಿನ ನೀರು ಚಹಾದ ಬಣ್ಣಕ್ಕೆ ತಿರುಗಿತ್ತು. ಅದನ್ನು ಬಾಟಲಿಗಳಲ್ಲಿ ಹಿಡಿದಿಡುತ್ತಿದ್ದರು. ಯಾರ ಮನೆಯಲ್ಲಿ ಕೆಮ್ಮು, ಯಾರ ಕಣ್ಣು ಕೆಂಪು ಎಂದು ವಿಚಾರಿಸುತ್ತಿದ್ದರು. ಎಲ್ಲಕ್ಕಿಂತ ದೊಡ್ಡ ತೊಂದರೆ ಮುಂಜಾನೆಯ ಗಾಳಿ. ನಮ್ಮ ಹಿತ್ತಲ ಮೈದಾನದ ಆಚೆ ಇದ್ದ, ಮಾಸಿ ಹಿಂದೆ ದುಡಿದ ಅದೇ ಬಣ್ಣದ ಕಾರ್ಖಾನೆ, ಜನ ಏಳುವ ಮೊದಲೇ ಹೊಗೆ ಬಿಡುತ್ತಿತ್ತು. ನಿಮ್ಮಮ್ಮ ಎಷ್ಟೋ ದಿನ ಕೆಮ್ಮುತ್ತಲೇ ಎದ್ದು ಹಾಸಿಗೆಯ ಮೇಲೆ ಕೂತಿರುತ್ತಿದ್ದಳು. ದೂರು ಕೊಟ್ಟರೆ ಸರ್ಕಾರಿ ಕಚೇರಿಯವರು ಹನ್ನೊಂದು ಗಂಟೆಗೆ ಬರುತ್ತಿದ್ದರು. ಅಷ್ಟು ಹೊತ್ತಿಗೆ ಗಾಳಿ ಎಲ್ಲವನ್ನೂ ಹೊತ್ತುಕೊಂಡು ಹೋಗಿರುತ್ತಿತ್ತು. “ವಾಸನೆಗೆ ಸಾಕ್ಷಿ ಎಲ್ಲಿದೆ?” ಎಂದು ಕೇಳಿ ವಾಪಸು ಹೋಗುತ್ತಿದ್ದರು.

ಆಗ ಮಾಸಿ ಒಂದು ಉದ್ದನೆಯ ನೋಟುಪುಸ್ತಕ ತಂದು ನನ್ನ ಕೈಗಿಟ್ಟರು. “ಐದೂವರೆಗೆ ಎದ್ದು ಅಂಗಳಕ್ಕೆ ನೀರು ಹಾಕೋಳು ಈ ಸಾಲಿನಲ್ಲಿ ನೀನೊಬ್ಬಳೇ. ಹಿತ್ತಲ ಬಾಗಿಲಲ್ಲಿ ನಿಲ್ಲು. ಗಾಳಿ ಏನು ತರುತ್ತೋ ಅದನ್ನು ಬರಿ.”

“ನನಗೆ ನಿಮ್ಮ ಅಕ್ಷರ ಬರೋದಿಲ್ಲ, ಮಾಸಿ.”

“ನಿನ್ನ ಅಕ್ಷರದಲ್ಲಿ ಬರಿ. ಓದಿ ಹೇಳೋಳೂ ನೀನೇ.”

ಅವರು ಎರಡು ಕಟ್ಟಳೆ ಹಾಕಿದರು. ಗೊತ್ತಿಲ್ಲದ ಅನಿಲದ ಹೆಸರು ಬರೆಯಬಾರದು, ಯಾವುದರ ಹಾಗಿದೆ ಎಂದು ಬರೆಯಬೇಕು. ವಾಸನೆ ಬಾರದ ದಿನ ‘ವಾಸನೆ ಇಲ್ಲ’ ಎಂದು ಬರೆಯಲೇಬೇಕು. “ಖಾಲಿ ಬಿಟ್ಟರೆ ನೀನು ಮಲಗಿದ್ದೆ ಅಂತಾರೆ.”

ನಾನು ಬರೆದೆ. ‘ಹಳಸಿದ ಎಲೆಕೋಸಿನ ಪಲ್ಯ, ಕಣ್ಣುರಿ.’ ‘ಒಂದು ಪೆಟ್ಟಿಗೆ ಬೆಂಕಿಕಡ್ಡಿ ಒಟ್ಟಿಗೇ ಗೀರಿದಂತೆ.’ ‘ವಾಸನೆ ಇಲ್ಲ.’ ‘ಮೂರು ದಿನ ಬಳಿಯದ ಕೊಟ್ಟಿಗೆ.’ ಗುರುವಾರ ಅದನ್ನು ನನ್ನ ಹರಕು ಹಿಂದಿಯಲ್ಲಿ ಓದಿದರೆ ಉಳಿದವರು ನಗುತ್ತಿದ್ದರು. ಮಾಸಿ ನಗುತ್ತಿರಲಿಲ್ಲ. ಕಣ್ಣು ಮುಚ್ಚಿಕೊಂಡು, ಮುಖ ಸ್ವಲ್ಪ ಮೇಲೆತ್ತಿ ಕೇಳುತ್ತಿದ್ದರು. ಕೊಟ್ಟಿಗೆ ಬಂದಾಗ, “ಇನ್ನೊಮ್ಮೆ ಓದು” ಎಂದರು. ಅವರೂ ಎಮ್ಮೆ ಕಟ್ಟಿದ ಮನೆಯವರು.

ಊರೆಲ್ಲ ನಮ್ಮನ್ನು ಆಡಿಕೊಳ್ಳುತ್ತಿತ್ತು. ಮೂಲೆಯ ಕಿರಾಣಿ ಅಂಗಡಿಯವನು ನನ್ನನ್ನು ಕಂಡರೆ, “ಆವೋ, ನಾಕ್‌ವಾಳಿ ಬೆನ್, ಈ ಬೆಲ್ಲ ಮೂಸಿ ಸರ್ಟಿಫಿಕೇಟ್ ಕೊಡಿ” ಎನ್ನುತ್ತಿದ್ದ. ಮೂಗಿನ ಅಕ್ಕ ಎಂದು ನನಗೆ ಬಿದ್ದ ಹೆಸರು ಅದು. ನಿಮ್ಮಜ್ಜನೂ ಬಿಡಲಿಲ್ಲ. “ನಮಗ್ಯಾಕ ಊರ ಉಸಾಬರಿ? ಇನ್ನೆರಡು ವರ್ಷಕ್ಕ ವರ್ಗ ಆಗ್ತದ. ಅಂತೂ ನನಗಿಂತ ಮೊದಲ ನಿನ್ನ ಮೂಗಿಗೆ ಪ್ರಮೋಷನ್ ಬಂತು ನೋಡು.”

ಸಂಕ್ರಾಂತಿ ಬಂತು. ಅಲ್ಲಿ ಅದಕ್ಕೆ ಉತ್ತರಾಯಣ ಎನ್ನುತ್ತಾರೆ. ಊರಿಗೆ ಊರೇ ಮಾಳಿಗೆ ಹತ್ತಿ ಗಾಳಿಪಟ ಹಾರಿಸುತ್ತದೆ. ಬೆಳಗಿನಿಂದ ಸಂಜೆಯವರೆಗೆ ನಾನೂ ಮಾಳಿಗೆಯ ಮೇಲೆ ಚಳಿಗಾಳಿಯಲ್ಲಿ ನಿಂತೆ. ಮರುದಿನ ಎದ್ದಾಗ ಮೂಗು ಪೂರ್ತಿ ಕಟ್ಟಿತ್ತು. ಹಿತ್ತಲ ಬಾಗಿಲಲ್ಲಿ ಎಷ್ಟು ಹೊತ್ತು ನಿಂತರೂ ಏನೂ ತಿಳಿಯಲಿಲ್ಲ. ಅಲ್ಲಿಯವರೆಗೆ ಪುಸ್ತಕದಲ್ಲಿ ಒಂದು ದಿನವೂ ತಪ್ಪಿರಲಿಲ್ಲ. ತಪ್ಪಿಸಲು ಮನಸ್ಸಾಗಲಿಲ್ಲ. ದಿನಾ ಬರುವುದೇ ತಾನೆ ಎಂದುಕೊಂಡು ಹಿಂದಿನ ವಾರದ್ದನ್ನೇ ಬರೆದೆ: ‘ಹಳಸಿದ ಎಲೆಕೋಸಿನ ಪಲ್ಯ, ಕಣ್ಣುರಿ.’

ಗುರುವಾರ ಅದನ್ನೂ ಓದಿದೆ. ಮಾಸಿ ಕಣ್ಣು ತೆರೆದರು.

“ಉತ್ತರಾಯಣದ ಮರುದಿನವಾ?”

“ಹೌದು.”

“ಆ ಎರಡು ದಿನ ಕಾರ್ಖಾನೆ ಬಂದ್ ಇರುತ್ತೆ. ನಾನಿದ್ದ ಹನ್ನೊಂದು ವರ್ಷದಲ್ಲಿ ಒಂದು ಸಲವೂ ನಡೆಸಿಲ್ಲ.”

ಪಕ್ಕದಲ್ಲಿದ್ದ ಹೆಂಗಸು, “ಇವಳಿಗೇ ಏನೋ ತಪ್ಪು ತಿಳಿದಿರಬೇಕು” ಎಂದಳು. ಮಾಸಿ ಅವಳ ಮೇಲೆ ಹರಿಹಾಯ್ದರು. “ಇವಳ ಮೂಗು ತಪ್ಪೋದಿಲ್ಲ. ಹೊರಗೆ ಬೀಗ ಹಾಕಿ ಒಳಗೆ ನಡೆಸ್ತಿದ್ದಾರೆ, ಕಳ್ಳರು. ಸಾಹೇಬರು ಬರುವಾಗ ಕೊಡೋ ಅರ್ಜಿಯಲ್ಲಿ ಇದನ್ನು ಎಲ್ಲಕ್ಕಿಂತ ಮೇಲೆ ಬರೀರಿ.”

ಮುಂದಿನ ವಾರ ಶಾಲೆಯ ಹಾಲ್‌ನಲ್ಲಿ ನಮ್ಮ ದೂರಿನ ವಿಚಾರಣೆ ಇತ್ತು. ಕಚೇರಿಯ ಸಾಹೇಬರು, ಕಾರ್ಖಾನೆಯ ಮ್ಯಾನೇಜರು, ಎಲ್ಲರೂ ಬರುವವರಿದ್ದರು. ನನ್ನ ಒಂದು ಸಾಲು ಈಗ ಮಾಸಿಯ ಬಾಯಲ್ಲಿ ಆರೋಪವಾಗಿತ್ತು. ಅದು ಸುಳ್ಳೆಂದು ಬಯಲಾದರೆ ಉಳಿದ ಪುಟಗಳನ್ನೂ ಯಾರೂ ನಂಬುವುದಿಲ್ಲ, ಆ ಹೊಗೆ ಹಾಗೇ ಮುಂದುವರಿಯುತ್ತದೆ. ಅಷ್ಟು ನನಗೂ ಅರ್ಥವಾಯಿತು.

ಮರುದಿನ ಬೆಳಿಗ್ಗೆ ಅವರ ಮನೆಗೆ ಹೋದೆ. ಅವರು ಹಪ್ಪಳ ಲಟ್ಟಿಸುತ್ತಿದ್ದರು. ನಿಂತೇ ಹೇಳಿಬಿಟ್ಟೆ. ಲಟ್ಟಣಿಗೆ ನಿಂತಿತು. ಬೈಯುತ್ತಾರೆ ಎಂದುಕೊಂಡಿದ್ದೆ, ಬೈದಿದ್ದರೆ ಒಳ್ಳೆಯದಿತ್ತು.

“ಮೂಗು ಕಟ್ಟಿದೆ ಅಂತ ಬರೆದಿದ್ದರೆ ಆಗ್ತಿತ್ತಲ್ಲ. ಅದೂ ಒಂದು ಸಮಾಚಾರವೇ” ಎಂದರು. ಹಿಟ್ಟಿನ ಉಂಡೆಯನ್ನು ಪಕ್ಕಕ್ಕಿಟ್ಟು ಮತ್ತೆ ಹೇಳಿದರು, “ಉಳಿದವರಿಗೆ ನಿನ್ನ ಮಾತಿನ ಮೇಲೆ ಅನುಮಾನ ಬಂದರೆ ತಾವೇ ಬಾಗಿಲು ತೆಗೆದು ಮೂಸ್ತಾರೆ. ನಾನು ಏನು ಮಾಡಲಿ, ದೀಕರಿ?”

ಆ ಪುಟ ಹರಿದುಬಿಡಲೇ ಎಂದು ಕೇಳಿದೆ.

“ಹರೀಬೇಡ. ಒಂದೇ ಗೀಟು ಎಳಿ. ಕೆಳಗಿರೋದು ಓದೋಕೆ ಬರಬೇಕು.”

“ಸಾಹೇಬರ ಮುಂದೆ ಏನು ಮಾಡಲಿ?”

“ಅದು ನಿನಗೆ ಬಿಟ್ಟಿದ್ದು. ನಿನ್ನ ಅಕ್ಷರ ಅಲ್ಲಿ ಯಾರಿಗೂ ಬರೋದಿಲ್ಲ.”

ಅಂದು ಸಂಜೆಯೇ ಅವರು ಮಂಡಳಿಯವರಿಗೆ, ಅರ್ಜಿಯಿಂದ ಆ ಸಾಲು ತೆಗೆಯಿರಿ ಎಂದು ಹೇಳಿದರು. ಯಾಕೆ ಎಂದು ಯಾರು ಕೇಳಿದರೂ ನನ್ನ ಹೆಸರು ಹೇಳಲಿಲ್ಲ.

ವಿಚಾರಣೆಯ ದಿನ ನಿಮ್ಮಜ್ಜ ಅರ್ಧ ದಿನ ರಜೆ ಹಾಕಿ ಹಾಲ್‌ನ ಹಿಂದಿನ ಬಾಗಿಲ ಹತ್ತಿರ ನಿಂತಿದ್ದರು. ಮ್ಯಾನೇಜರು ನನ್ನ ಕೈಯಿಂದ ಪುಸ್ತಕ ತೆಗೆದುಕೊಂಡು ತಲೆಕೆಳಗು ಮಾಡಿ ನೋಡಿ, “ಇದೇನು ಬರಹವೋ ಜಲೇಬಿಯೋ? ಈ ಮದ್ರಾಸಿ ಬೆನ್ ಸಾಂಬಾರು ಮಾಡೋದು ಹೇಗೆ ಅಂತ ಬರೆದಿದ್ದರೂ ನಮಗೇನು ಗೊತ್ತಾಗಬೇಕು?” ಎಂದರು. ಸಭೆಯಲ್ಲಿ ನಗು ಎದ್ದಿತು. ಸಾಹೇಬರು ಪುಸ್ತಕ ನನಗೆ ವಾಪಸು ಕೊಡಿಸಿ, “ಓದಿ, ಬೆನ್” ಎಂದರು.

ಮದುವೆಯಲ್ಲಿ ಗಂಡನ ಹೆಸರು ಹೇಳು ಎಂದಾಗಲೂ ಅತ್ತುಬಿಟ್ಟವಳು ನಾನು. ಮುಂದಿನ ಸಾಲಿನಲ್ಲಿ ಮಾಸಿ ಕೂತಿದ್ದರು, ಗುರುವಾರ ಕೂತ ಹಾಗೆಯೇ, ಕಣ್ಣು ಮುಚ್ಚಿ. ಅವರ ಮುಖವೊಂದನ್ನೇ ನೋಡಿಕೊಂಡು ಓದಿದೆ. ಎಲೆಕೋಸು, ಬೆಂಕಿಕಡ್ಡಿ, ಕೊಟ್ಟಿಗೆ. ಗೀಟು ಎಳೆದ ಸಾಲು ಬಂತು. ಬೆರಳು ತಾನಾಗಿಯೇ ಅದನ್ನು ದಾಟಿ ಕೆಳಗಿನ ದಿನದ ಮೇಲೆ ಹೋಯಿತು. ಹಾರಿಸಿದ್ದರೆ ಮಾಸಿಯೊಬ್ಬರನ್ನು ಬಿಟ್ಟು ಆ ಸಭೆಯಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ. ಮಾಸಿ ಕಣ್ಣು ತೆರೆಯಲಿಲ್ಲ. ಹುಬ್ಬೂ ಅಲುಗಲಿಲ್ಲ. ಕಾಯುತ್ತಿದ್ದರು.

“ಸಾಹೇಬ್, ಯೇ ದಿನ್ ಝೂಠ್ ಹೈ” ಎಂದೆ. “ನನಗೆ ನೆಗಡಿಯಾಗಿತ್ತು. ವಾಸನೆ ಗೊತ್ತಾಗಲಿಲ್ಲ. ಆದರೂ ಬರೆದೆ.”

ಮ್ಯಾನೇಜರು ಕುರ್ಚಿಯಿಂದ ಎದ್ದೇಬಿಟ್ಟರು. “ನೋಡಿದ್ರಾ ಸಾಹೇಬ್, ಸುಳ್ಳು ಅಂತ ಅವರೇ ಒಪ್ಪಿಕೊಂಡರು.”

ಸಾಹೇಬರು ಕನ್ನಡಕ ತೆಗೆದು ನನ್ನನ್ನು ನೋಡಿದರು. “ಉಳಿದ ದಿನ?”

“ಉಳಿದ ದಿನ ಮೂಗು ಇತ್ತು, ಸಾಹೇಬ್.”

ಜನ ಮತ್ತೆ ನಕ್ಕರು. ಈ ಸಲದ ನಗು ಬೇರೆ ಇತ್ತು, ಸಾಹೇಬರೂ ನಕ್ಕರು. ಉಳಿದದ್ದನ್ನೆಲ್ಲ ಓದಿಸಿದರು, ‘ವಾಸನೆ ಇಲ್ಲ’ ಎಂಬ ದಿನಗಳನ್ನೂ ಬಿಡಲಿಲ್ಲ. ಓದಿ ಮುಗಿಸಿ ಪುಸ್ತಕ ಮುಚ್ಚಿದೆ. ಮಾಸಿ ಬಂದು ನನ್ನ ಸೆರಗು ಸರಿಮಾಡಿ, “ಚಾಲೋ, ಚಹಾ ಕುಡಿಯೋಣ” ಎಂದರು. ಆ ಸುಳ್ಳು ಸಾಲಿನ ಬಗ್ಗೆ ಅವರು ಮತ್ತೆ ಎಂದೂ ಮಾತಾಡಲಿಲ್ಲ. ದಾರಿಯಲ್ಲಿ ನಿಮ್ಮಜ್ಜ ಮಾತ್ರ, “ಮನ್ಯಾಗೂ ಇಷ್ಟು ಖರೇ ಮಾತಾಡಾಕ ಹತ್ತಿದ್ರ ನನ್ನ ಗತಿ ಏನು?” ಎಂದರು. ಆದರೆ ಮನೆಯವರೆಗೂ ಆ ಪುಸ್ತಕವನ್ನು ಅವರೇ ಹಿಡಿದುಕೊಂಡು ಬಂದರು.

ಕೆಲವು ದಿನಗಳಾದ ಮೇಲೆ ಒಂದು ಮುಂಜಾನೆ ಐದೂವರೆಗೆ ಬಾಗಿಲು ಬಡಿದ ಸದ್ದಾಯಿತು. ಮಫ್ಲರ್ ಸುತ್ತಿಕೊಂಡು, ಸ್ಕೂಟರಿನಲ್ಲಿ, ಯಾರಿಗೂ ಹೇಳದೆ ಸಾಹೇಬರು ಬಂದಿದ್ದರು. ನಮ್ಮ ಹಿತ್ತಲಲ್ಲಿ ನಿಂತರು. ಐದು ನಿಮಿಷಕ್ಕೆ ಕರವಸ್ತ್ರ ಮೂಗಿಗೆ ಹೋಯಿತು. “ಇವತ್ತು ಏನಂತ ಬರೀತೀರಿ?” ಎಂದು ಕೇಳಿದರು. ಹೇಳಿದೆ. ಅದನ್ನೇ ತಮ್ಮ ಪುಸ್ತಕದಲ್ಲೂ ಬರೆದುಕೊಂಡರು.

ಮಳೆಗಾಲದ ಹೊತ್ತಿಗೆ ಕಾರ್ಖಾನೆಯಲ್ಲಿ ಹೊಗೆಯನ್ನು ನೀರಿನಿಂದ ತೊಳೆಯುವ ಯಂತ್ರ ಕೂಡಿಸಿದರು. ವಾಸನೆ ಪೂರ್ತಿ ನಿಂತಿತು ಎಂದು ಹೇಳಿದರೆ ಅದೂ ಸುಳ್ಳಾಗುತ್ತದೆ. ಕಡಿಮೆಯಾಯಿತು. ನಿಮ್ಮಮ್ಮನ ಬೆಳಗಿನ ಕೆಮ್ಮೂ ಕಡಿಮೆಯಾಯಿತು. ಕೈಪಂಪಿನ ನೀರು ಮಾತ್ರ ಹಾಗೇ ಇತ್ತು. ಮಾಸಿ ಇನ್ನಷ್ಟು ಬಾಟಲಿ ಕೂಡಿಸತೊಡಗಿದರು. ಪುಸ್ತಕದಲ್ಲಿ ‘ವಾಸನೆ ಇಲ್ಲ’ ಸಾಲುಸಾಲಾಗಿ ಬಂದ ಒಂದು ಗುರುವಾರ, ಅವರು ಅದನ್ನೇ ಮೂರು ಸಲ ಓದಿಸಿ ಕೇಳಿದರು.

ಆಮೇಲೆ ನಮಗೆ ಅಹಮದಾಬಾದಿಗೆ ವರ್ಗವಾಯಿತು. ಹೊರಡುವ ದಿನ ಮಾಸಿ ಒಂದು ಡಬ್ಬಿ ಹಪ್ಪಳ, ಒಂದು ಹೊಸ ನೋಟುಪುಸ್ತಕ ಕೊಟ್ಟರು. “ಅಲ್ಲಿಯೂ ಗಾಳಿ ಇರುತ್ತಲ್ಲ” ಎಂದರು. ಅಲ್ಲಿ ಸ್ಯಾಟಲೈಟ್ ಎಂಬ ಬಡಾವಣೆಯ ಮನೆಯ ಮೂರನೇ ಮಹಡಿಯ ಬಾಲ್ಕನಿಯಲ್ಲಿ ನಿಂತು ದಿನಾ ಬರೆದೆ. ಯಾರೂ ಕೇಳುವವರಿಲ್ಲದಿದ್ದರೂ ಬರೆದೆ. ಆಗಾಗ ಫೋನ್ ಮಾಡಿದಾಗ ಮಾಸಿ ಮೊದಲು ಕೇಳುತ್ತಿದ್ದುದು ಅದನ್ನೇ: “ಓದು.”

ಎರಡನೇ ಚಳಿಗಾಲದಲ್ಲಿ ಒಂದು ಸಂಜೆ ಗೋರ್ವಾದಿಂದ ಫೋನ್ ಬಂತು. ಮಂಡಳಿಯ ಹೆಂಗಸು, ಅಂದು ನನಗೇ ತಪ್ಪು ತಿಳಿದಿರಬೇಕು ಎಂದವಳು, ಅಳುತ್ತಿದ್ದಳು. ಮಾಸಿಯ ಉಸಿರಾಟ ಕೆಲವು ದಿನಗಳಿಂದ ಸರಿ ಇರಲಿಲ್ಲವಂತೆ. ಮಧ್ಯಾಹ್ನವೇ ಎಲ್ಲ ಮುಗಿದಿತ್ತು. ಮೀಯಿಸುವಾಗ ತಾನೇ ತಿಕ್ಕಿದರೂ ಹಿಮ್ಮಡಿಯ ನೀಲಿ ಹೋಗಲಿಲ್ಲ ಎಂದಳು.

ಎರಡು ಪುಸ್ತಕಗಳೂ ನನ್ನ ಟ್ರಂಕಿನಲ್ಲಿವೆ, ನಿಮಗೇ ಇಟ್ಟಿದ್ದೇನೆ. ಮೊದಲನೆಯದರಲ್ಲಿ ಗೀಟು ಎಳೆದ ಸಾಲು ಹುಡುಕಿ, ಓದಲು ಬರುತ್ತದೆ. ಎರಡನೆಯದರಲ್ಲಿ, ಆ ಫೋನ್ ಬಂದ ಮರುದಿನದ್ದನ್ನು ನೋಡಿ. ಎಂದಿನಂತೆ ಐದೂವರೆಗೆ ಬಾಲ್ಕನಿಗೆ ಹೋಗಿ, ಬಹಳ ಹೊತ್ತು ನಿಂತು, ಒಳಗೆ ಬಂದು ಬರೆದಿದ್ದೇನೆ:

‘ಮೂಗು ಕಟ್ಟಿದೆ. ಗೊತ್ತಾಗಲಿಲ್ಲ.’