ಅವ್ವನಿಲ್ಲದೆ ಹೋದ ಟ್ರಯಲ್

ಖಾನಾಪುರದಿಂದ ಬಂದು ವಾರವಾಯಿತು. ರಸ್ತೆಯ ಎಡಗಡೆ ಸೈಕಲ್ ಕಂಡರೆ ಈಗಲೂ ನಿಂತು, ಅದು ದಾಟಿ ಹೋಗುವವರೆಗೆ ನೋಡುತ್ತೇನೆ. ನಡೆದದ್ದನ್ನು ನಡೆದ ಹಾಗೆಯೇ ಬರೆಯಬೇಕೆಂದು ಕೂತಿದ್ದೇನೆ. ನನ್ನ ನೆನಪಿನ ಮೇಲೆ ನನಗೆ ಮೊದಲೇ ಭರವಸೆ ಕಡಿಮೆ. ಈ ವಾರ ಇದ್ದಷ್ಟೂ ಹೋಗಿದೆ.

ನಮ್ಮದು ಮಣ್ಣಿನ ಮಡಕೆ, ಹೂಕುಂಡಗಳ ವ್ಯಾಪಾರ. ಖಾನಾಪುರದ ಕಡೆಯ ಭಟ್ಟಿಗಳಲ್ಲಿ ಸುಟ್ಟ ಮಾಲನ್ನು ಪಿಕಪ್ಪಿನಲ್ಲಿ ಹುಲ್ಲು ಹಾಸಿ ತುಂಬಿಕೊಂಡು ಬಂದು ಬೆಳಗಾವಿಯ ಮಹಾಂತೇಶ ನಗರದ ಅಂಗಡಿಯಲ್ಲಿ ಮಾರುವುದು. ಗಾಡಿ ಓಡಿಸುವವನು ಅಪ್ಪ. ಮಡಕೆಗಳನ್ನು ಬೆರಳಲ್ಲಿ ಬಾರಿಸಿ ಸದ್ದು ಕೇಳಿ ಆರಿಸುವವಳು ಅವ್ವ. ಹಾಗಾಗಿ ಅವನ ಪಕ್ಕದ ಸೀಟು ಯಾವಾಗಲೂ ಅವಳದೇ. ನಾನು ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತೇನೆ. ಅವರ ಜೊತೆ ಗಾಡಿ ಹತ್ತುತ್ತಿದ್ದುದೇ ಅಪರೂಪ. ಹತ್ತಿದಾಗ ಅವ್ವನ ಮಾತಿಗೆ ತಲೆ ಚಿಟ್ಟು ಹಿಡಿಯುತ್ತಿತ್ತು.

"ಬಾಜೂಕ ಸೈಕಲ್ ಐತ್ರಿ. ಎಮ್ಮಿ ನಿಂತಾವ ನೋಡ್ರಿ. ಮುದುಕಿ ದಾಟಾಕತ್ತಾಳ, ತಡೀರಿ."

"ಅವ್ವಾ, ಅಪ್ಪಗ ಗಾಡಿ ಹೊಡ್ಯಾಕ ಬರ್ತೈತಿ. ನೀ ಸುಮ್ಮನ ಕುಂದ್ರು" ಎಂದರೆ ಅಪ್ಪನೇ ನಗುತ್ತಿದ್ದ. "ಇರ್ಲಿ ಬಿಡೋ ತಮ್ಮಾ. ನಮ್ಮ ಗಾಡ್ಯಾಗ ರೇಡಿಯೋ ಇಲ್ಲಲ್ಲ."

ಆ ಹಳೆಯ ಪಿಕಪ್ ಈಗ ಮುಗಿದಿತ್ತು. ಕಾಲ ಕೆಳಗಿನ ತಗಡು ತುಕ್ಕು ಹಿಡಿದು ತೂತಾಗಿ ರಸ್ತೆ ಕಾಣುತ್ತಿತ್ತು. ಈ ಸಲ ಆರ್‌ಟಿಒ ತಪಾಸಣೆಯಲ್ಲಿ ಪಾಸಿಂಗ್ ಆಗುವುದಿಲ್ಲ ಎಂದು ಗ್ಯಾರೇಜಿನವನು ಹೇಳಿಬಿಟ್ಟ. ಖಾನಾಪುರದಲ್ಲಿ ಒಬ್ಬ ಅಕ್ಕಿ ವ್ಯಾಪಾರಿ ತನ್ನ ಪಿಕಪ್ ಮಾರುತ್ತಾನೆಂದು ತಿಳಿದು, ಹೋದ ರವಿವಾರ ಹಳೆಯ ಗಾಡಿಯಲ್ಲೇ ಮೂವರೂ ಹೊರಟೆವು. ಕಾಗದಪತ್ರ ನೋಡಲಿಕ್ಕೆ ನಾನು.

ಗಾಡಿ ಚೆನ್ನಾಗಿಯೇ ಇತ್ತು. ಅಪ್ಪ ಟಯರು ಒತ್ತಿ ನೋಡಿದ, ಬಾನೆಟ್ ಎತ್ತಿಸಿದ, ಎಣ್ಣೆಯ ಕಡ್ಡಿ ಎಳೆದು ಮೂಸಿದ. ವ್ಯಾಪಾರಿ ಮನೆಯಲ್ಲಿ ಮರಾಠಿ ಆಡುವವನು, ನಮ್ಮ ಜೊತೆ ಕನ್ನಡ. "ಕಾಕಾ, ಹೊರಗಿಂದ ಏನ್ ನೋಡ್ತೀರಿ? ಖರೇ ಅಂದ್ರ ಓಡಿಸಿದ್ರನ ಗೊತ್ತಾಗತೈತಿ. ಬರ್ರಿ, ಹಲಸಿ ಊರಿನ ರಸ್ತಾದಾಗ ಒಂದ್ ರೌಂಡ ಹೋಗಿ ಬರೂಣು" ಎಂದು ಕೀಲಿ ಕೊಟ್ಟ.

ಅವ್ವ ಆಗಲೇ ಎಡಗಡೆಯ ಬಾಗಿಲ ಹತ್ತಿರ ಹೋಗಿದ್ದಳು. ಅಷ್ಟರಲ್ಲಿ ವ್ಯಾಪಾರಿಯ ಹೆಂಡತಿ ಬಂದು ಅವಳ ಕೈ ಹಿಡಿದಳು. "ಕಾಕೂ, ಮೊದಲ ಸಲ ಮನಿಗೆ ಬಂದೀರಿ. ಉಡಿ ತುಂಬದ ಹ್ಯಾಂಗ ಬಿಡೂದು?"

"ಬಂದಮ್ಯಾಲ ತುಂಬು ತಂಗಿ. ಈಗ ಇವರ ಜೋಡಿ ಹೋಗಿ ಬರ್ತೀನಿ."

"ಗಂಡಸರ ಕೆಲಸದಾಗ ನೀವ್ಯಾಕ ಕಾಕೂ? ಅಕ್ಕಿ, ಕಾಯಿ ತಗದ ಇಟ್ಟೀನಿ, ಒಲ್ಲೆ ಅನಬ್ಯಾಡ್ರಿ."

ಮುತ್ತೈದೆಯಾದವಳು ಮಡಿಲಿಗೆ ತುಂಬುವ ಉಡಿಯನ್ನು ಬೇಡ ಎನ್ನುವುದು ನಮ್ಮಲ್ಲಿ ಸಾಧ್ಯವೇ ಇಲ್ಲ. "ನಾ ಬರೂತನಕಾ ಹೋಗಬ್ಯಾಡ್ರಿ, ನಿಲ್ರಿ" ಎಂದು ಅಪ್ಪನಿಗೆ ಹೇಳುತ್ತಲೇ ಅವ್ವ ಒಳಗೆ ಹೋದಳು. ಖಾಲಿಯಾದ ಸೀಟಿಗೆ ವ್ಯಾಪಾರಿ ಹತ್ತಿದ. "ಏನ್ ಕಾಕಾ, ಕಾಕೂ ಪರವಾನಗಿ ಬೇಕೇನು?" ಎಂದು ನಕ್ಕ. ಅಪ್ಪನೂ ನಕ್ಕ, ಗಾಡಿ ಚಾಲೂ ಮಾಡಿದ. ನಾನು ಹಿಂದಿನ ತೆರೆದ ಭಾಗದಲ್ಲಿ ಕಂಬಿ ಹಿಡಿದು ನಿಂತೆ.

ಊರು ದಾಟಿದ ಮೇಲೆ ಗದ್ದೆಗಳ ನಡುವಿನ ರಸ್ತೆ. ನಮ್ಮ ಎಡಗಡೆ ಮುಂದೆ ಒಬ್ಬ ಸೈಕಲ್ಲಿನ ಹಿಂದೆ ಹಸಿ ಹುಲ್ಲಿನ ಹೊರೆ ಕಟ್ಟಿಕೊಂಡು ನಿಧಾನವಾಗಿ ಹೋಗುತ್ತಿದ್ದ. ನನಗೆ ಅವನು ಸ್ಪಷ್ಟವಾಗಿ ಕಾಣುತ್ತಿದ್ದ. ಎದುರಿನಿಂದ ಬಸ್ಸು ಬಂತು. ಅಪ್ಪ ಬಸ್ಸಿಗೆ ದಾರಿ ಬಿಡಲು ಗಾಡಿಯನ್ನು ಎಡಕ್ಕೆ ತಂದ. ವೇಗ ತಗ್ಗಿಸಲಿಲ್ಲ, ಹಾರ್ನ್ ಹೊಡೆಯಲಿಲ್ಲ. ಅಲ್ಲಿ ಯಾರೂ ಇಲ್ಲವೇ ಇಲ್ಲ ಎಂಬಂತೆ, ಆರಾಮಾಗಿ, ನೇರ ಅವನ ಮೇಲೆ.

"ಕಾಕಾ! ಕಾಕಾ!" ಎಂದು ಕಿರುಚಿ ವ್ಯಾಪಾರಿ ಸ್ಟೇರಿಂಗ್ ಜಗ್ಗಿದ. ಹುಲ್ಲಿನ ಹೊರೆಗೆ ಏನೋ ತಾಗಿದ ಸದ್ದು. ಗಾಡಿ ನಿಂತಾಗ ಸೈಕಲ್ ಗದ್ದೆಯಲ್ಲಿತ್ತು, ಮನುಷ್ಯ ಕಾಣಲಿಲ್ಲ. ಆ ಕ್ಷಣ ಎಷ್ಟು ಹೊತ್ತಿತ್ತೋ ನಾನು ಹೇಳಲಾರೆ. ಆಮೇಲೆ ಹುಲ್ಲಿನ ಆಚೆಯಿಂದ ಕೆಸರು ಬಳಿದುಕೊಂಡ ತಲೆಯೊಂದು ಎದ್ದಿತು.

"ಏ ಯಜಮಾನಾ, ಕಣ್ಣ ಮನ್ಯಾಗ ಗೂಟಕ್ಕ ಹಾಕಿ ಬಂದಿ ಏನು?"

ಅವನಿಗೆ ಮೊಣಕೈ ತರಚಿತ್ತು, ಅಷ್ಟೇ. ನಾನು ಇಳಿದು ಅವನನ್ನು ಎಬ್ಬಿಸಿದೆ. ತಿರುಗಿ ನೋಡಿದರೆ ಅಪ್ಪ ಇನ್ನೂ ಸ್ಟೇರಿಂಗ್ ಹಿಡಿದೇ ಕೂತಿದ್ದ. ಎಡಗಡೆಯ ಸೀಟಿನತ್ತ ಇಡೀ ಮುಖ ತಿರುಗಿಸಿ, ಅಲ್ಲಿದ್ದ ಅಪರಿಚಿತನನ್ನು ನೋಡುತ್ತ ಹೇಳಿದ: "ಅಕಿ ಇರಲಿಲ್ಲ."

ಹಾಗೆಂದನೋ, "ಅಕಿ ಹೇಳಲಿಲ್ಲ" ಎಂದನೋ? ನನ್ನ ಕಿವಿಗೆ ಬಿದ್ದದ್ದು ಮೊದಲನೆಯದು. ಎರಡರಲ್ಲಿ ಯಾವುದಾದರೂ ನನಗೆ ಅರ್ಥವಾಗಬೇಕಾದದ್ದು ಒಂದೇ: ಇಷ್ಟು ದಿನ ಎಡಗಡೆಯನ್ನು ನೋಡಿ ಹೇಳುತ್ತಿದ್ದವಳು ಅವ್ವ. ಅಪ್ಪನಿಗೆ ಎಡಗಣ್ಣು ಕಾಣುವುದಿಲ್ಲ.

ವ್ಯಾಪಾರಿ ತಾನೇ ಗಾಡಿ ಓಡಿಸಿಕೊಂಡು ವಾಪಸು ಬಂದ. ಮಡಿಲಲ್ಲಿ ಅಕ್ಕಿ, ಕಾಯಿ, ಕುಪ್ಪಸದ ಬಟ್ಟೆ ಅವುಚಿಕೊಂಡು ಅವ್ವ ಅಂಗಳಕ್ಕೆ ಓಡಿ ಬಂದಳು. ಅವಳು ಮೊದಲು ನಮ್ಮನ್ನು ನೋಡಲಿಲ್ಲ. ಗಾಡಿಯ ಎಡಮಗ್ಗುಲನ್ನು ನೋಡಿದಳು.

"ಯಾರಿಗೆ ಬಡೀತು?" ಎಂದಳು.

"ಅಪ್ಪನ ಕಣ್ಣ ಎಂದಿನಿಂದ ಹೀಂಗ ಅವ್ವಾ?" ಎಂದೆ ನಾನು.

"ಕೆಲವು ವರ್ಷ ಆತು. ಕಾಚಬಿಂದು, ಗ್ಲಾಕೋಮಾ ಅಂದ್ರು ಡಾಕ್ಟರು. ಕಣ್ಣಿನ ನರ ಒಣಗಿ ಹೋಗೇದ, ಹೋದದ್ದು ಬರೂದಿಲ್ಲಂತ. ಇನ್ನೊಂದಕ್ಕ ದಿನಾ ಔಷಧ ಬಿಡ್ತೀನಿ."

"ನನಗ್ಯಾಕ ಹೇಳಲಿಲ್ಲ?"

"ಹೇಳಿದ್ರ ನೀ ಕೀಲಿ ಕಸಗೊಂತಿದ್ದಿ. ಗಾಡಿ ಬಿಟ್ಟು ಇವರು ಏನ್ ಮಾಡ್ಬೇಕು? ನಾ ಇದ್ನೆಲ್ಲಪಾ. ಒಂದ ದಿನಾನೂ ಕುಂದ್ರೂದು ತಪ್ಪಿಸಿಲ್ಲ."

ಅವಳ ದನಿಯಲ್ಲಿ ತಪ್ಪು ಮಾಡಿದವಳ ಅಳುಕಿರಲಿಲ್ಲ, ಉಡಿ ತುಂಬಿಸಿಕೊಳ್ಳಲು ಹೋದೆನಲ್ಲ ಎಂಬ ಸಿಟ್ಟಿತ್ತು. ನನಗೆ ಅದೇ ದೊಡ್ಡ ಆಘಾತ. ಹೆದ್ದಾರಿ, ಲಾರಿಗಳು, ಶಾಲೆ ಬಿಡುವ ಹೊತ್ತು! ಇಬ್ಬರು ಮುದುಕರು ಒಂದು ಕಣ್ಣು, ಒಂದು ಬಾಯಿ ಸೇರಿಸಿ ಇಷ್ಟು ಕಾಲ ಗಾಡಿ ಓಡಿಸಿದ್ದರು, ಮತ್ತು ಅದನ್ನು ಸರಿಯೆಂದೇ ನಂಬಿದ್ದರು. ನಾನು ಅವ್ವನನ್ನು ಬೈಯಬೇಕಿತ್ತು. ಬೈದೆನೋ ಇಲ್ಲವೋ, ಅದೂ ಈಗ ನೆನಪಿಲ್ಲ. ನಾನು ಶಾಲೆಗೆ ಹೋಗುವಾಗಿನಿಂದಲೂ ಅವ್ವ ಹೀಗೇ ವಟಗುಟ್ಟುತ್ತಿದ್ದಳು ಎಂಬುದು ನನ್ನ ಖಚಿತ ನೆನಪು. ಆಗ ಅಪ್ಪನ ಎರಡೂ ಕಣ್ಣು ನೆಟ್ಟಗಿದ್ದವು. ಹಾಗಾದರೆ ಈಚಿನ ಮಾತುಗಳನ್ನು ನಾನೇ ಬಾಲ್ಯದ ನೆನಪಿಗೆ ಒಯ್ದು ಹಚ್ಚಿದೆನೇ?

ವ್ಯಾಪಾರಿ ಗಾಡಿಯ ಎಡಮಗ್ಗುಲಿಗೆ ಮೆತ್ತಿದ ಹುಲ್ಲು ಒರೆಸುತ್ತ "ಮತ್ತ... ಗಾಡೀದು ಏನ್ ಮಾಡೂಣು ಕಾಕಾ?" ಎಂದ.

ಅಪ್ಪ ವ್ಯಾಪಾರಿಯ ಗಾಡಿಯ ಬಾನೆಟ್ಟಿನ ಮೇಲೆ ಅಂಗೈ ಇಟ್ಟ. "ಗಾಡಿ ಚಲೋ ಐತಿ. ಬ್ಯಾರೆ ಗಿರಾಕಿಗೆ ಕೊಡ್ರಿ." ಆಮೇಲೆ ನಮ್ಮ ಹಳೆಯ ಗಾಡಿಯ ಕೀಲಿಯನ್ನು ಕಿಸೆಯಿಂದ ತೆಗೆದು ನನ್ನತ್ತ ಚಾಚಿದ. ನಾನು ಕೇಳಿರಲಿಲ್ಲ.

ಹಳೆಯ ಪಿಕಪ್ಪಿನ ಎಡಗಡೆಯ ಬಾಗಿಲಿನ ಮುಂದೆ ಅಪ್ಪ ನಿಂತ. ಹಿಡಿಕೆ ಜಗ್ಗಿದ, ಬಾಗಿಲು ತೆರೆಯಲಿಲ್ಲ. ಮತ್ತೆ ಜಗ್ಗಿದ. ತನ್ನದೇ ಗಾಡಿಯ ಆ ಬಾಗಿಲನ್ನು ಅವನು ಹೊರಗಿನಿಂದ ಎಂದೂ ತೆರೆದಿರಲಿಲ್ಲ. ನಾನು ಮುಂದೆ ಹೋಗಬೇಕೋ ಬೇಡವೋ ತಿಳಿಯದೆ ಕೀಲಿ ಹಿಡಿದು ನಿಂತೆ.

"ಮ್ಯಾಲ ಎತ್ತಿ ಜಗ್ರಿ" ಎಂದಳು ಅವ್ವ.

ಅವನು ಮೇಲೆತ್ತಿ ಜಗ್ಗಿದ.