ಮುಂದಿನ ಸೀಟಿನ ಕಳಕಮ್ಮ

ಕಾರಟಗಿಯ ಅಕ್ಕಿ ಗಿರಣಿಯ ಅಮರಪ್ಪನವರ ಮನೆಗೆ ದೊಡ್ಡ ಗಾಡಿ ಬರುತ್ತದೆ ಎಂಬ ಸುದ್ದಿ, ಗಾಡಿಗಿಂತ ಮೊದಲೇ ಓಣಿಯಲ್ಲಿ ಓಡಾಡತೊಡಗಿತ್ತು. ಮಗ ಸಿದ್ದಲಿಂಗೇಶನಿಗೆ ಕೆಸರಿನಲ್ಲಿ ಹೂತುಕೊಳ್ಳದ, ಗುಡ್ಡ ಹತ್ತುವ, ನಾಲ್ಕೂ ಗಾಲಿಗೆ ಕಸುವಿರುವ ಗಾಡಿ ಬೇಕು. ಅಮರಪ್ಪನವರಿಗೆ ಉಳಿದ ಗಿರಣಿಯವರು ಕತ್ತೆತ್ತಿ ನೋಡುವಷ್ಟು ಎತ್ತರದ್ದು ಬೇಕು. ಸೊಸೆ ಶಾಂಭವಿಗೆ ಎಲ್ಲ ಕಡೆಯಿಂದ ಏರ್‌ಬ್ಯಾಗ್ ಉಬ್ಬುವ, ಪುಟ್ಟ ಮಗಳು ಒಳಗಿನಿಂದ ಬಾಗಿಲು ತೆಗೆಯಲಾಗದ, ಬೆಂಕಿ ಹತ್ತದ, ಪಲ್ಟಿಯಾಗದ ಗಾಡಿ ಬೇಕು. ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ ಓದಿದ ಶಾಂಭವಿ, ಗಾಡಿಗಳನ್ನು ಗೋಡೆಗೆ ಗುದ್ದಿಸಿ ಪರೀಕ್ಷಿಸುವ ವಿಡಿಯೊ ನೋಡಿ ನೋಡಿ, ಈಗ ನಿಂತ ಗಾಡಿ ಕಂಡರೂ ಬೆಚ್ಚುವಂತಾಗಿದ್ದಳು.

ಅತ್ತೆ ಕಳಕಮ್ಮನನ್ನು ಮಾತ್ರ ಯಾರೂ ಕೇಳಲಿಲ್ಲ. ಕಳಕಮ್ಮನಿಗೂ ಕಾರಿಗೂ ಆಗಿಬರುವುದಿಲ್ಲವೆಂದು ಮನೆಯ ಬೆಕ್ಕಿಗೂ ಗೊತ್ತಿತ್ತು.

ಹಾಗಂತ ಆಕೆ ಅಂಜುಬುರುಕಿಯಲ್ಲ. ಅಳವಂಡಿಯ ಎರೆಹೊಲದವರ ಮಗಳು. ಲಂಗ ಉಡುವ ವಯಸ್ಸಿನಲ್ಲೇ ಚಕ್ಕಡಿಯ ಮೂಕಿಯ ಮೇಲೆ ಕುಳಿತು ಎತ್ತಿನ ಹಗ್ಗ ಹಿಡಿದವಳು. ಮದುವೆಯಾಗಿ ಗದ್ದೆಯ ಸೀಮೆಗೆ ಬಂದ ಮೇಲೆ ಟ್ರ್ಯಾಕ್ಟರಿನ ಮಡ್‌ಗಾರ್ಡ್ ಮೇಲೆ ಕುಳಿತು, ನಾಟಿಯ ಹೆಣ್ಣಾಳುಗಳ ಜೊತೆ ಹಾಡು ಹೇಳುತ್ತ ಸಿದ್ದಾಪುರದವರೆಗೆ ಹೋಗಿಬರುತ್ತಿದ್ದಳು. ಆದರೆ ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿ ಗಾಜು ಏರಿಸಿದಿರೋ, ಮುಗಿಯಿತು. ಲಿಂಬೆಹಣ್ಣು, ಬಾಯಲ್ಲಿ ಹುಣಸೆಹಣ್ಣು, ಮೂಗಿಗೆ ಕರ್ಪೂರ, ಯಾವುದಕ್ಕೂ ಹೊಟ್ಟೆ ಜಗ್ಗುತ್ತಿರಲಿಲ್ಲ. ಮಗಳು ಸುರೇಖಾಳ ಮದುವೆಗೆಂದು ಕುಷ್ಟಗಿಗೆ ಹೋದಾಗ ತಲೆಯ ಮೇಲೆ ಹಸಿ ಟವೆಲ್ ಹಾಕಿ, ಇಬ್ಬರು ಹಿಡಿದು ಇಳಿಸಬೇಕಾಯಿತು. ಬೀಗತಿ ಪಕ್ಕೀರವ್ವ ಹತ್ತು ಮಂದಿಯ ಮುಂದೆ, "ಯಾಕ್ರಿ ಬೀಗತಿ, ನಮ್ಮೂರು ಕಂಡ್ರ ವಾಂತಿ ಬರತೈತೇನ್ರಿ?" ಎಂದು ನಕ್ಕಿದ್ದಳು. ಅಕ್ಷತೆ ಬೀಳುವಾಗ ಕಳಕಮ್ಮ ಒಳಕೋಣೆಯಲ್ಲಿ ಮಲಗಿದ್ದಳು. ಅಂದಿನಿಂದ ಕುಷ್ಟಗಿಯ ಹೆಸರೆತ್ತಿರಲಿಲ್ಲ.

ಈಗ ಸುರೇಖಾಳ ಕುಬಸ. ಬಸುರಿ ಮಗಳ ಉಡಿಯನ್ನು ತಾಯಿ ತನ್ನ ಕೈಯಾರೆ ತುಂಬಬೇಕು, ಅದೂ ಬೀಗರ ಮನೆಯಲ್ಲಿ, ನಿಂತುಕೊಂಡು.

"ನಾ ಟ್ರ್ಯಾಕ್ಟರದಾಗ ಬರ್ತೀನಿ. ನೀವು ನಿಮ್ಮ ಅರಮನಿಯಾಗ ಕುಂತು ಬರ್ರಿ," ಎಂದಳು ಕಳಕಮ್ಮ.

"ಗಿರಣಿ ಮಾಲಕನ ಹೇಣ್ತಿ ಟ್ರ್ಯಾಕ್ಟರದಾಗ ಬೀಗರ ಮನಿಗೆ?" ಅಮರಪ್ಪನವರು ಹೌಹಾರಿದರು. "ದೊಡ್ಡ ಗಾಡ್ಯಾಗ ಅಲುಗಾಟನ ಇರಂಗಿಲ್ಲ. ಕುಂತು ನೋಡಾರ ನೋಡು."

ಮೊದಲ ದಿನ ಷೋರೂಮಿನ ಬಸವಕುಮಾರ ಕರಿ ಗಾಡಿ ತಂದ. ಕೊರಳಿಗೆ ಟೈ, ಬಾಯಿಗೆ ಬೆಂಗಳೂರು. "ಸರ್, ಸೀಟು ಬೆನ್ನು ತಿಕ್ಕುತ್ತೆ, ತಣ್ಣಗೆ ಗಾಳೀನೂ ಬಿಡುತ್ತೆ."

"ಬೆನ್ನು ತಿಕ್ಕಾಕ ಹೇಣ್ತಿ ಅದಾಳಪ್ಪ, ನೀ ಗಾಡಿ ಬಿಡು," ಎಂದು ಅಮರಪ್ಪನವರು ಎಂದಿನಂತೆ ಮುಂದಿನ ಸೀಟಿನಲ್ಲಿ ಕುಳಿತರು. ಜೀಪಿನ ಕಾಲದಿಂದಲೂ ಅದು ಅವರದೇ ಜಾಗ. ಕಳಕಮ್ಮ ಹಿಂದೆ, ಹೊಸ ಚರ್ಮದ ವಾಸನೆಯ ಮಧ್ಯೆ. ಸಿದ್ದಾಪುರ ಇನ್ನೂ ಕಂಡಿರಲಿಲ್ಲ, ಆಕೆಯ ಮುಖ ಸುಣ್ಣದಂತಾಯಿತು. ಶಾಂಭವಿ ಚೀಲದಲ್ಲಿ ಪ್ಲಾಸ್ಟಿಕ್ ಕವರಿಗಾಗಿ ತಡಕಾಡಿದಳು. ಮಗಳ ಬಿಸ್ಕೀಟು ಸಿಕ್ಕಿತು, ಜ್ವರದ ಔಷಧಿ ಸಿಕ್ಕಿತು, ಕವರು ಸಿಗಲಿಲ್ಲ. ಕಳಕಮ್ಮ ಮುಂದೆ ಬಾಗಿ, ಗಂಡನ ತಲೆಯ ಮೇಲಿದ್ದ ಬಿಳಿ ಟೋಪಿಯನ್ನು ಕಿತ್ತುಕೊಂಡಳು. ಗಾಡಿಯ ಸೀಟು ಉಳಿಯಿತು, ಟೋಪಿ ಉಳಿಯಲಿಲ್ಲ.

ಮನೆಗೆ ಬಂದವಳೇ ಕಳಕಮ್ಮ ಹೇಳಿದಳು: "ಶಾಂಭವಿ, ನನ್ನ ಬದ್ಲಿ ನೀನs ಉಡಿ ತುಂಬವ. ನಾ ಬರಂಗಿಲ್ಲ." ದನಿ ಸಣ್ಣದಾಗಿತ್ತು.

ಶಾಂಭವಿ ಫೋನು ಹಿಡಿದು ಕುಳಿತಳು. ಓದಿದ್ದೆಲ್ಲ ಒಂದೇ ಮಾತು ಹೇಳುತ್ತಿತ್ತು: ಮುಂದೆ ಕೂರಿಸಿ, ದೂರ ನೋಡಲು ಹೇಳಿ, ಗಾಜು ಇಳಿಸಿ. ಇಷ್ಟೇ! ಆದರೆ ಮಾವನವರಿಗೆ 'ಹಿಂದೆ ಕೂಡ್ರಿ' ಎನ್ನುವವರು ಯಾರು?

"ನೀನs ಹೇಳು," ಎಂದ ಗಂಡ. "ನನಗ ಇನ್ನೂ ಈ ಮನ್ಯಾಗ ಇರೂದೈತಿ."

ಮರುದಿನ ಬಸವಕುಮಾರ ಬಿಳಿ ಗಾಡಿ ತಂದ. ಅದು ಇನ್ನೂ ಎತ್ತರ, ಮುಂದಿನ ಗಾಜು ಹಜಾರದ ಕಿಟಕಿಯಷ್ಟು ಅಗಲ. ಕಳಕಮ್ಮನನ್ನು ಕೈಹಿಡಿದು ಹೊರಗೆ ಕರೆತಂದ ಶಾಂಭವಿ, ಬೆಳಗಿನಿಂದ ಬಾಯಿಪಾಠ ಮಾಡಿದ ಮಾತನ್ನು ಮನಸ್ಸಿನಲ್ಲಿ ತಿರುವಿಹಾಕಿದಳು: ಮಾವಾರ, ತಪ್ಪು ತಿಳೀಬ್ಯಾಡ್ರಿ, ವಿಜ್ಞಾನ ಏನ್ ಹೇಳ್ತೈತಿ ಅಂದ್ರ... ಅಷ್ಟರಲ್ಲಿ ಅಮರಪ್ಪನವರ ಕೈ ಮುಂದಿನ ಬಾಗಿಲಿಗೆ ಹೋಯಿತು.

"ಮಾವಾರ, ನೀವು ಹಿಂದ ಕೂಡ್ರಿ!"

ಬಸವಕುಮಾರನ ನಗು ಅರ್ಧಕ್ಕೇ ನಿಂತಿತು. ಸಿದ್ದಲಿಂಗೇಶ ಟೈರು ಪರೀಕ್ಷಿಸುವವನಂತೆ ಬಗ್ಗಿಬಿಟ್ಟ.

"ಯಾಕವ?" ಎಂದರು ಅಮರಪ್ಪನವರು.

ಬಾಯಿಪಾಠವೆಲ್ಲ ಹಾರಿಹೋಗಿತ್ತು. "ಟೋಪಿ ಉಳೀತೈತ್ರಿ," ಎಂದಳು ಶಾಂಭವಿ.

ಮಾವನವರ ಕೈ ತಲೆಯ ಮೇಲಿನ ಟೋಪಿಗೆ ಹೋಯಿತು. ಆಮೇಲೆ ಅಮರಪ್ಪನವರ ಹೊಟ್ಟೆ ಕುಲುಕಿತು, ಹೆಗಲು ಕುಲುಕಿತು, ಕೊನೆಗೆ ನಗು ಹೊರಬಿತ್ತು. "ಭಲೆ! ಇದು ಹೊಸಾ ಟೋಪಿ, ಉಳೀಲೇಬೇಕು!" ಎಂದು ಹಿಂದೆ ಹತ್ತಿ ಕುಳಿತರು.

ಕಳಕಮ್ಮ ಪಾವಟಿಗೆಯ ಮೇಲೆ ಕಾಲಿಟ್ಟು, ಹಿಡಿಕೆ ಹಿಡಿದು, ಸೀರೆ ಸಾವರಿಸಿಕೊಂಡು ಮೇಲೇರಿದಳು. ಬಸವಕುಮಾರ ಗಾಡಿ ಹೊರಡಿಸಿದ. ಶಾಂಭವಿ ಹಿಂದಿನಿಂದ ಅತ್ತೆಯ ಕುತ್ತಿಗೆಯನ್ನೇ ನೋಡುತ್ತಿದ್ದಳು. ಈಗ ಬಾಗುತ್ತದೆ, ಇಗೋ ಬಾಗಿತು. ಬಾಗಲಿಲ್ಲ. ಬದಲಿಗೆ ಉದ್ದವಾಯಿತು, ಎಡಕ್ಕೆ ಹೊರಳಿತು, ಬಲಕ್ಕೆ ಹೊರಳಿತು.

"ಅಯ್ಯs, ಕಂಪೌಂಡಿನ ಒಳಗಿಂದೆಲ್ಲ ಕಾಣತೈತಲ್ಲೋ! ಕೊಟ್ರಬಸಪ್ಪನ ಮನಿ ಹಿತ್ತಲದಾಗ ಎಷ್ಟು ಬದನಿಕಾಯಿ ಬಿಟ್ಟಾವ! ನನಗ ಒಂದರ ಕೊಟ್ಟಾಳೇನ ಅವನ ಹೇಣ್ತಿ?"

ಸಿದ್ದಾಪುರ ಬಂತು, ಹೋಯಿತು. ಕಳಕಮ್ಮ ಯಾರ ಸಸಿ ಮಡಿ ಹಳದಿಯಾಗಿದೆ, ಯಾರ ಬದು ಒಡೆದಿದೆ ಎಂದು ಒಂದೇ ಸಮ ಹೇಳುತ್ತಿದ್ದಳು. "ತಮ್ಮಾ, ಕೆಸರಾಗ ಹೊಕ್ಕತೈತಿ ಅಂದ್ಯಲ್ಲ? ಹೊಗಸು. ಆ ಕಾಲುವಿ ದಂಡಿಗಿನ ದಾರಿ ಹಿಡಿ."

"ಮೇಡಂ, ಡೆಮೊ ಗಾಡಿ..."

"ಮೇಡಂ ಯಾರೋ? ಅವ್ವ ಅನ್ನು. ಹಿಡಿ!"

ಬೆಂಗಳೂರು ಬಾಯಿಂದ ಉದುರಿಹೋಗಿ, "ಹಿಡೀತೀನ್ರೆವ್ವ!" ಎಂದ ಬಸವಕುಮಾರ. ಗಾಡಿ ಗುಂಡಿಗೆ ಧುಮುಕಿತು, ಕೆಂಪು ನೀರು ಎರಡೂ ಬದಿಗೆ ರೆಕ್ಕೆಯಂತೆ ಎದ್ದಿತು. ಕಳಕಮ್ಮ "ಹೋ!" ಎಂದು ಕೂಗಿದಳು. ಮೊಮ್ಮಗಳು "ಹೋ!" ಎಂದಳು. ಬೆಲ್ಟನ್ನು ಎರಡೂ ಕೈಯಲ್ಲಿ ಹಿಡಿದು ಕಾಲುವೆಯ ಆಳ ಲೆಕ್ಕ ಹಾಕುತ್ತಿದ್ದ ಶಾಂಭವಿಯ ಬಾಯಿಂದಲೂ, ಅವಳಿಗೇ ಗೊತ್ತಿಲ್ಲದೆ, ಅದೇ ಕೂಗು ಬಂತು.

ಒಬ್ಬರ ದನಿ ಮಾತ್ರ ಇರಲಿಲ್ಲ.

"ಗಾಡಿ ನಿಂದರಸೋ..." ಎಂದರು ಅಮರಪ್ಪನವರು. ಬಾಗಿಲು ತೆಗೆದು ಬದುವಿನ ಕಡೆಗೆ ಓಡಿದರು. ಟೋಪಿಯನ್ನು ಬಗಲಲ್ಲಿ ಭದ್ರವಾಗಿ ಹಿಡಿದಿದ್ದರು.

ಕಳಕಮ್ಮ ಇಳಿದುಹೋಗಿ, ಬಾಟಲಿಯ ನೀರಿನಿಂದ ಗಂಡನ ಮುಖ ತೊಳೆಸಿ, ಸೆರಗಿನಿಂದ ಒರೆಸಿದಳು. ಅವರು ಬದುವಿನ ಮೇಲೆ ಕುಳಿತೇ ಹೆಂಡತಿಯನ್ನು ಮಿಕಿಮಿಕಿ ನೋಡಿದರು.

"ಇಷ್ಟ್ ವರ್ಷ ನೀ ಹಿಂಗs ಬಂದೀಯೇನ?"

"ಮತ್ತ? ನೀವು ಮುಂದ ಕುಂತು ಹಾಡ ಹೇಳ್ಕೋತ ಹೊಂಟಿರತಿದ್ರಿ. ನಾ ಹಿಂದ ತಾಳ ಹಾಕ್ತಿದ್ದೆ."

ಅಮರಪ್ಪನವರು ಬಗಲಿನ ಟೋಪಿ ತೆಗೆದು, ಕೊಡವಿ, ತಲೆಗಿಟ್ಟುಕೊಂಡರು. ಆಮೇಲೆ ಬಸವಕುಮಾರನತ್ತ ತಿರುಗಿ, "ಬಿಳೇದನ್ನs ಬರಕೋ. ಮುಂದಿನ ಸೀಟು ಅವ್ವಂದು," ಎಂದರು.

"ಮತ್ತ ನೀವು, ಮಾವಾರ?"

"ಹಿಂದ ಮಾತ್ರ ಕೂಡಂಗಿಲ್ಲ. ನಾನs ಹೊಡೀತೀನಿ! ಜೀಪ್ ಹೊಡದಾಂವಗ ಇದ್ಯಾವ ಲೆಕ್ಕ?"

ಶಾಂಭವಿಗೆ ಹೊಸ ಚಿಂತೆಗಳ ಗೂಡೇ ಸಿಕ್ಕಿತು. ಮಾವನವರ ಕಣ್ಣು ಡಾಕ್ಟರಿಗೆ ತೋರಿಸಿದಳು, ಲೈಸೆನ್ಸ್ ಹೊಸದು ಮಾಡಿಸಿದಳು, ಕುಬಸದ ದಿನ ಬೆಳಿಗ್ಗೆ ಬ್ರೇಕು ಒತ್ತಿಸಿ ಒತ್ತಿಸಿ ನೋಡಿದಳು. ಕನಕಗಿರಿ, ತಾವರಗೇರಾ ಎರಡನ್ನೂ ದಾಟುವಾಗ "ಸಾವಕಾಶ್ರಿ, ಸಾವಕಾಶ್ರಿ" ಎನ್ನುವುದನ್ನು ಬಿಡಲಿಲ್ಲ. ಮುಂದಿನಿಂದ ಮಾತ್ರ, "ಆ ಲಾರಿ ಹಿಂದ ಹಾಕ್ರಿ, ಏನ್ ಎಮ್ಮಿ ಮೇಸಾಕ ಹೊಂಟೀರೇನು?" ಎಂಬ ದನಿ ಬರುತ್ತಿತ್ತು.

ಕುಷ್ಟಗಿಯ ಬೀಗರ ಅಂಗಳದಲ್ಲಿ ಗಾಡಿ ನಿಂತಿತು. ಪಕ್ಕೀರವ್ವ ತಂಬಿಗೆಯ ನೀರು, ಹಸಿ ಟವೆಲ್ ಎರಡನ್ನೂ ಸಿದ್ಧ ಹಿಡಿದೇ ಬಂದಿದ್ದಳು. ಬಾಗಿಲು ತೆರೆಯಿತು, ಕಳಕಮ್ಮ ಇಳಿಯಲೇ ಇಲ್ಲ.

"ಇಷ್ಟ್ ಜಲ್ದಿ ಬಂತೇನ್ರಿ ಕುಷ್ಟಗಿ?" ಎಂದಳು ಬೇಸರದಿಂದ. ಬೀಗತಿಯ ಕಡೆ ಬಗ್ಗಿ ಕೈ ಚಾಚಿದಳು. "ಹತ್ರಿ ಬೀಗತಿ, ಮ್ಯಾಲ ಬರ್ರಿ. ನಿಮ್ಮೂರು ಮ್ಯಾಲಿಂದ ಹೆಂಗ ಕಾಣತೈತಿ ಒಂದು ಸುತ್ತು ನೋಡೂಣು."

"ಅಯ್ಯ, ನನಗ ತಲಿ ತಿರಗತೈತ್ರಿ!" ಎನ್ನುತ್ತಲೇ ಪಕ್ಕೀರವ್ವ ಟವೆಲನ್ನು ಕಟ್ಟೆಯ ಮೇಲೆ ಎಸೆದು ಹತ್ತಿದಳು.

ಹಸಿರು ಬಳೆ ತುಂಬಿದ ಕೈಯನ್ನು ಸೊಂಟದ ಮೇಲಿಟ್ಟುಕೊಂಡು ಸುರೇಖಾ ಬಾಗಿಲಲ್ಲಿ ನಿಂತಿದ್ದಳು. "ಯವ್ವಾ," ಎಂದು ನಗುತ್ತ ಕೂಗಿದಳು, "ಕುಬಸ ನನಗೋ, ಗಾಡಿಗೋ?"